ಗೌರವಧನವೂ ವರಮಾನ ತೆರಿಗೆಯೂ

ಈ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದ ಕಾರ್ಯದರ್ಶಿಯಾಗಿ ನಾನು ಕಲಿತ ಮೊದಲನೆಯ ಪಾಠ ಸಾಹಿತ್ಯಕ್ಕೆ ಸೇರಿದ್ದಲ್ಲ, ಲೆಕ್ಕಪತ್ರಕ್ಕೆ ಸೇರಿದ್ದು. ಸಂಘದ ಪ್ರಾರಂಭೋತ್ಸವಕ್ಕೆ ಹಿರಿಯ ವಿದ್ವಾಂಸರೊಬ್ಬರು ದಯಮಾಡಿಸಿದ್ದರು. ಸೊಗಸಾದ ಭಾಷಣವಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿಗಳ ಮರ್ಯಾದೆಯೂ ಆಯಿತು. ಕೊನೆಗೆ ಕಛೇರಿಯ ಗುಮಾಸ್ತರು ಹೇಳಿಕೊಟ್ಟಿದ್ದಂತೆ ನಾನು ವೋಚರನ್ನು ಅವರ ಮುಂದಿಟ್ಟು, “ಇಲ್ಲೊಂದು ರುಜು ಮಾಡಬೇಕು ಸಾರ್, ಇಲ್ಲಿ ತಮ್ಮ ಪ್ಯಾನ್ ಸಂಖ್ಯೆ ಬರೆಯಬೇಕು” ಎಂದೆ. ಅವರು ಕನ್ನಡಕವನ್ನು ಸರಿಮಾಡಿಕೊಂಡು ಓದಿ ನಕ್ಕರು. “ಏನಪ್ಪ, ಮೇಲೆ ಗೌರವಧನ ಎಂದು ಬರೆದಿದ್ದೀರಿ, ಕೆಳಗೆ ತೆರಿಗೆಯ ಸಂಖ್ಯೆ ಕೇಳುತ್ತೀರಿ. ಗೌರವಕ್ಕೂ ತೆರಿಗೆಯುಂಟೇನು?” ಎಂದರು. ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಏಕೆಂದರೆ ಉತ್ತರ ನನಗೆ ತಿಳಿದಿರಲಿಲ್ಲ.

ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿಗೆ ಇದು ನಾಚಿಕೆಯ ಮಾತೇ ಸರಿ. ಆದರೂ ಆ ಪ್ರಶ್ನೆಯನ್ನು ಮರೆತುಬಿಡುತ್ತಿದ್ದೆನೋ ಏನೋ. ೨೦೨೫ರ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಅದೇ ಪ್ರಶ್ನೆ ನಮ್ಮ ಮನೆಯ ಹಜಾರದಲ್ಲಿಯೇ ಎದುರಾಯಿತು. ನನ್ನ ಅಕ್ಕ ಬೇರೊಂದು ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವಳ ಗೌರವಧನದಲ್ಲಿಯೇ ನನ್ನ ಹಾಸ್ಟೆಲಿನ ಖರ್ಚು ನಡೆಯುತ್ತದೆ. ಅಂದು ಅವಳು ಬ್ಯಾಂಕಿನ ಪಾಸ್ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯ ಲೆಕ್ಕ ಹಾಕುತ್ತಿದ್ದಳು. ತಿಂಗಳಿಗೆ ೨೮,೦೦೦ ರೂಪಾಯಿ ಮಂಜೂರಾದ ಕಡೆ ಪಾಸ್ ಪುಸ್ತಕದಲ್ಲಿ ೨೫,೨೦೦ ಎಂದಿತ್ತು. “ಇದೇನಕ್ಕ, ನೂರಕ್ಕೆ ಹತ್ತರಂತೆ ಎಲ್ಲಿ ಹೋಯಿತು?” ಎಂದು ಕೇಳಿದೆ. “ಟ್ಯಾಕ್ಸ್ ಮುರಿದುಕೊಳ್ಳುತ್ತಾರೆ ಕಣೋ. ಮೂರು ವರ್ಷದಿಂದಲೂ ಹಾಗೇ. ಸರ್ಕಾರಕ್ಕೆ ಹೋದದ್ದು ವಾಪಸ್ಸು ಬರುವುದುಂಟೆ? ಹೋಗಲಿ ಬಿಡು” ಎಂದಳು.

‘ಹೋಗಲಿ ಬಿಡು’ ಎಂಬ ಆ ಮಾತು ನನಗೆ ಸರಿಬೀಳಲಿಲ್ಲ. ರಜೆ ಮುಗಿಸಿ ಬಂದವನೇ ಗ್ರಂಥಾಲಯದಲ್ಲಿ ಕಾಯಿದೆಯ ಪುಸ್ತಕಗಳನ್ನು ಹುಡುಕಿದೆ. ವಾಣಿಜ್ಯ ವಿಭಾಗದ ಅಧ್ಯಾಪಕರನ್ನು ಕಾಡಿದೆ. ತಿಳಿದುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಇಲ್ಲಿ ಕೊಡುವ ಲೆಕ್ಕಗಳು ೨೦೨೫-೨೬ನೆಯ ಆರ್ಥಿಕ ವರ್ಷಕ್ಕೆ ಸೇರಿದವು. ಆ ವರ್ಷದ ವರಮಾನಕ್ಕೆ ೧೯೬೧ರ ಆದಾಯ ತೆರಿಗೆ ಕಾಯಿದೆಯೇ ಆಧಾರ. ೨೦೨೬ರ ಏಪ್ರಿಲ್ ೧ರಿಂದಾಚೆಯ ವರಮಾನಕ್ಕೆ ೨೦೨೫ರ ಹೊಸ ಕಾಯಿದೆ ಅನ್ವಯಿಸುತ್ತದೆ. ಅದರಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿವೆ, ಭಾಷೆ ಸರಳವಾಗಿದೆ, ‘ಹಿಂದಿನ ವರ್ಷ’, ‘ನಿರ್ಧಾರಣಾ ವರ್ಷ’ ಎಂಬ ತೊಡಕಿನ ಮಾತುಗಳು ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಮಾತು ಬಂದಿದೆ.

ಮೊದಲು ಹೆಸರಿನ ವಿಚಾರ. ಗೌರವಧನ, ಸಂಭಾವನೆ ಎಂಬ ಮಾತುಗಳ ಹಿಂದೆ ಒಂದು ಹಳೆಯ ಸಂಕೋಚವಿದೆ. ವಿದ್ಯೆಗೆ, ವಾಕ್ಕಿಗೆ ಬೆಲೆ ಕಟ್ಟಬಾರದು. ಕೊಟ್ಟದ್ದನ್ನು ಕೂಲಿ ಎನ್ನಬಾರದು ಎಂಬ ಸಂಕೋಚ. ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಪ್ರಾಚೀನ ರೋಮಿನಲ್ಲಿ ವಕೀಲರು ತಮ್ಮ ವಾದಕ್ಕೆ ಹಣ ಪಡೆಯಬಾರದೆಂದು ಕ್ರಿ.ಪೂ. ೨೦೪ರಷ್ಟು ಹಿಂದೆಯೇ ಶಾಸನವಾಗಿತ್ತು. ಆದರೂ ಹಣ ಕೈಬದಲಾಗುತ್ತಲೇ ಇತ್ತು. ಕೊನೆಗೆ ಕ್ರಿ.ಶ. ೪೭ರಲ್ಲಿ ಕ್ಲಾಡಿಯಸ್ ಚಕ್ರವರ್ತಿಯು ಹತ್ತು ಸಾವಿರ ಸೆಸ್ಟರ್ಸುಗಳ ವರೆಗೆ ತೆಗೆದುಕೊಳ್ಳಬಹುದೆಂದು ಮಿತಿ ಹಾಕಿದನು. ಆನರೇರಿಯಂ ಎಂಬ ಲ್ಯಾಟಿನ್ ಮಾತು ಇಂತಹ ಮರ್ಯಾದೆಯ ಲೋಕದಿಂದಲೇ ನಮ್ಮ ಕಛೇರಿಗಳಿಗೆ ಬಂದದ್ದು. ಸಂಬಳ ಎಂದರೆ ಹಕ್ಕು; ಗೌರವಧನ ಎಂದರೆ ಕೊಡುವವನ ಔದಾರ್ಯ ಎಂಬ ಛಾಯೆ ಆ ಶಬ್ದಕ್ಕೆ ಇಂದಿಗೂ ಉಳಿದುಕೊಂಡಿದೆ.

ಆದರೆ ವರಮಾನ ತೆರಿಗೆಯ ಕಾಯಿದೆ ಛಾಯೆಯನ್ನು ನೋಡುವುದಿಲ್ಲ. ‘ಗೌರವಧನ’ ಎಂಬ ಹೆಸರಿನ ಪ್ರತ್ಯೇಕ ಬಾಬು ಅದರಲ್ಲಿ ಇಲ್ಲವೇ ಇಲ್ಲ. ಅದು ಕೇಳುವುದು ಎರಡೇ ಪ್ರಶ್ನೆ: ಈ ಹಣ ಏಕೆ ಬಂತು? ಕೊಟ್ಟವನಿಗೂ ಪಡೆದವನಿಗೂ ಇರುವ ಸಂಬಂಧವೇನು? ಇವೆರಡಕ್ಕೆ ಉತ್ತರ ದೊರೆತರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಏಕೆ ಬಂತು ಎಂಬ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಎರಡು ಹಳೆಯ ತೀರ್ಪುಗಳು ಒಳ್ಳೆಯ ನಿದರ್ಶನ. ತಿರುವಾಂಕೂರಿನ ಪಿ. ಕೃಷ್ಣ ಮೆನನ್ ಎಂಬುವರು ಪೊಲೀಸ್ ಸೂಪರಿಂಟೆಂಡೆಂಟರಾಗಿದ್ದು ನಿವೃತ್ತರಾದ ಮೇಲೆ ವೇದಾಂತವನ್ನು ಬೋಧಿಸುತ್ತಿದ್ದರು. ಇಂಗ್ಲೆಂಡಿನ ಶಿಷ್ಯರೊಬ್ಬರು ಭಕ್ತಿಯಿಂದ ಅವರಿಗೆ ಆಗಿಂದಾಗ್ಗೆ ಹಣ ಸಲ್ಲಿಸಿದರು. ಇದು ಪ್ರೀತಿಯ ಕಾಣಿಕೆ, ವರಮಾನವಲ್ಲ ಎಂದು ಅವರು ವಾದಿಸಿದರು. ಎದುರು ಪಕ್ಷದಲ್ಲಿದ್ದವರು ಮೈಸೂರು, ತಿರುವಾಂಕೂರು-ಕೊಚ್ಚಿ ಮತ್ತು ಕೊಡಗಿನ ಆದಾಯ ತೆರಿಗೆ ಕಮಿಷನರು. ಅವರ ಕಛೇರಿ ನಮ್ಮ ಬೆಂಗಳೂರಿನಲ್ಲಿಯೇ ಇತ್ತು. ೧೯೫೦ರ ದಶಕದ ಕೊನೆಯಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ಲಾಭದ ಆಸೆ ಇರಲಿ, ಇಲ್ಲದಿರಲಿ, ಬೋಧನೆಯೂ ಒಂದು ವೃತ್ತಿಯೇ, ಹಣ ಬಂದದ್ದು ಬೋಧನೆಯ ಕಾರಣದಿಂದ, ಆದ್ದರಿಂದ ಅದು ವರಮಾನವೇ. ಗುರುದಕ್ಷಿಣೆಗೂ ತೆರಿಗೆ ಬಿತ್ತು!

ಎರಡನೆಯದು ೧೯೬೧ರ ತೀರ್ಪು. ಭಾವನಗರದ ಮಹಾರಾಜರು ಅಧಿಕಾರ ಬಿಟ್ಟಿದ್ದ ತಮ್ಮ ಮಾಜಿ ದಿವಾನರಾದ ಪಟ್ಟಣಿಯವರಿಗೆ ೫ ಲಕ್ಷ ರೂಪಾಯಿಗಳನ್ನು ಕೊಟ್ಟಿದ್ದರು. ಇದು ಯಾವುದೇ ಕೆಲಸದ ಪ್ರತಿಫಲವಲ್ಲ, ವ್ಯಕ್ತಿಯ ಗುಣಕ್ಕೆ ಮೆಚ್ಚಿ ಕೊಟ್ಟ ಕೊಡುಗೆ ಎಂದು ನ್ಯಾಯಾಲಯ ತೀರ್ಮಾನಿಸಿತು, ತೆರಿಗೆ ಬೀಳಲಿಲ್ಲ. ಇಬ್ಬರಿಗೂ ಸಂದದ್ದು ಗೌರವವೇ. ಆದರೆ ಒಬ್ಬರಿಗೆ ಮಾಡುತ್ತಿದ್ದ ಕಾರ್ಯಕ್ಕಾಗಿ ಬಂತು, ಇನ್ನೊಬ್ಬರಿಗೆ ಕೇವಲ ವಿಶ್ವಾಸದಿಂದ ಬಂತು.

ಈ ಕೊಡುಗೆಯ ಮಾತಿನಲ್ಲಿಯೇ ಅನೇಕರು ಎಡವುತ್ತಾರೆ. ಪ್ರತಿಫಲವಿಲ್ಲದೆ ಬಂದ ಹಣ ವರ್ಷಕ್ಕೆ ೫೦,೦೦೦ ರೂಪಾಯಿಗಳನ್ನು ಮೀರದಿದ್ದರೆ ತೆರಿಗೆಯಿಲ್ಲ ಎಂಬ ನಿಯಮ ೧೯೬೧ರ ಕಾಯಿದೆಯಲ್ಲಿ ಇರುವುದು ನಿಜ. ಆದರೆ ಉಪನ್ಯಾಸ ಕೊಟ್ಟು ಪಡೆದ ಹಣಕ್ಕೆ ಉಪನ್ಯಾಸವೇ ಪ್ರತಿಫಲ. ಆದ್ದರಿಂದ ‘ನನ್ನದು ಐವತ್ತು ಸಾವಿರದ ಒಳಗೆ, ಅದು ಉಡುಗೊರೆ’ ಎಂಬ ವಾದ ನಿಲ್ಲುವುದಿಲ್ಲ. ಹಿರಿಯರಲ್ಲಿ ಇನ್ನೊಂದು ನಂಬಿಕೆಯುಂಟು: ಆಕಸ್ಮಿಕವಾಗಿ ಬಂದ ಸಣ್ಣ ಮೊತ್ತಕ್ಕೆ ತೆರಿಗೆಯಿಲ್ಲ ಎಂದು. ಅಂತಹ ವರಮಾನಕ್ಕೆ ೫,೦೦೦ ರೂಪಾಯಿವರೆಗೆ ವಿನಾಯಿತಿ ಹಿಂದೆ ಇತ್ತು. ೨೦೦೨ರ ಹಣಕಾಸು ಕಾಯಿದೆ ಅದನ್ನು ತೆಗೆದುಹಾಕಿತು. ಇನ್ನು ಸಾರ್ವಜನಿಕ ಹಿತಕ್ಕಾಗಿ ಸ್ಥಾಪಿತವಾಗಿ, ಕೇಂದ್ರ ಸರ್ಕಾರದ ಅನುಮೋದನೆ ಪಡೆದ ಪ್ರಶಸ್ತಿಗಳ ಹಣಕ್ಕೆ ವಿನಾಯಿತಿಯುಂಟು. ಅನುಮೋದನೆ ಇಲ್ಲದ ಪ್ರಶಸ್ತಿಗೆ ಅದು ಸಿಗದು. ನಮ್ಮಂಥ ವಿದ್ಯಾರ್ಥಿಗಳು ಸಮಾಧಾನ ಪಡಬೇಕಾದ ಮಾತೂ ಒಂದಿದೆ: ಓದಿನ ವೆಚ್ಚಕ್ಕಾಗಿ ಕೊಡುವ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ.

ಈಗ ಎರಡನೆಯ ಪ್ರಶ್ನೆ, ಸಂಬಂಧದ್ದು. ಕಾಯಿದೆ ವರಮಾನವನ್ನು ಐದು ಬಾಬುಗಳಾಗಿ ವಿಂಗಡಿಸುತ್ತದೆ. ಮನೆಯ ಬಾಡಿಗೆಯನ್ನೂ ಬಂಡವಾಳದ ಲಾಭವನ್ನೂ ಬಿಟ್ಟರೆ ಗೌರವಧನ ಹೊಕ್ಕಬಹುದಾದ ಬಾಗಿಲುಗಳು ಮೂರು. ಕೊಟ್ಟವನು ಧಣಿ, ಪಡೆದವನು ನೌಕರ ಎಂದಾದರೆ ಅದು ‘ವೇತನ’. ಪಡೆದವನು ಸ್ವತಂತ್ರವಾಗಿ ಅದನ್ನೇ ಕಸುಬಾಗಿ ನಡೆಸುತ್ತಿದ್ದರೆ ಅದು ‘ವ್ಯಾಪಾರ ಅಥವಾ ವೃತ್ತಿ’ಯ ವರಮಾನ. ಇವೆರಡೂ ಅಲ್ಲದಿದ್ದರೆ ‘ಇತರ ಮೂಲ’ಗಳ ವರಮಾನ. ಎಲ್ಲಿಯೂ ಸಲ್ಲದ್ದು ಬಂದು ಸೇರುವ ಛತ್ರ ಈ ಕೊನೆಯ ಬಾಬು.

ಉದಾಹರಣೆ ಕೊಟ್ಟರೆ ಸ್ಪಷ್ಟವಾದೀತು. ನಮ್ಮ ಅಧ್ಯಾಪಕರೊಬ್ಬರು ತಮ್ಮ ಸಂಸ್ಥೆಯವರೇ ವಹಿಸಿದ ಹೆಚ್ಚಿನ ಕೆಲಸಕ್ಕೆ ಸಂಸ್ಥೆಯಿಂದಲೇ ಗೌರವಧನ ಪಡೆದರೆ ಅದು ಅವರ ವೇತನದ ಭಾಗ. ಅವರೇ ಬೇರೊಂದು ವಿಶ್ವವಿದ್ಯಾನಿಲಯದ ಉತ್ತರಪತ್ರಿಕೆಗಳನ್ನು ತಿದ್ದಿ ಹಣ ಪಡೆದರೆ ಅದು ಸಾಮಾನ್ಯವಾಗಿ ‘ಇತರ ಮೂಲ’. ಶಾಸಕರು ಮತ್ತು ಸಂಸತ್ಸದಸ್ಯರು ಪಡೆಯುವ ಸಂಬಳ ಕೂಡ, ಅವರು ಯಾರ ನೌಕರರೂ ಅಲ್ಲವಾದ್ದರಿಂದ, ‘ಇತರ ಮೂಲ’ಕ್ಕೇ ಸೇರುತ್ತದೆ ಎಂಬುದು ನನಗೆ ಹೊಸ ಸಂಗತಿಯಾಗಿತ್ತು. ಅಲ್ಲಿ ಸಂಬಳವೆಂಬ ಹೆಸರಿದ್ದೂ ವೇತನವಲ್ಲ. ಇಲ್ಲಿ ಗೌರವಧನವೆಂಬ ಹೆಸರಿದ್ದೂ ವೇತನವಾಗಬಹುದು.

ಬಾಗಿಲು ಯಾವುದಾದರೇನು, ಹಣ ಒಂದೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ವೇತನವಾದರೆ, ೨೦೨೫-೨೬ರ ಹೊಸ ಪದ್ಧತಿಯಲ್ಲಿ, ಯಾವ ರಸೀತಿಯನ್ನೂ ತೋರಿಸದೆ ೭೫,೦೦೦ ರೂಪಾಯಿಗಳ ಕಡಿತ ಸಿಗುತ್ತದೆ. ಇತರ ಮೂಲವಾದರೆ ಅದು ಸಿಗದು. ಆ ವರಮಾನವನ್ನು ಗಳಿಸಲೆಂದೇ ಮಾಡಿದ ಖರ್ಚನ್ನು ಮಾತ್ರ, ಆಧಾರವಿದ್ದರೆ, ಕಳೆಯಬಹುದು. ಉಪನ್ಯಾಸಕ್ಕೆಂದೇ ಪರಸ್ಥಳಕ್ಕೆ ಹೋದ ಬಸ್ಸಿನ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹಣವನ್ನು ಮೊದಲೇ ಮುರಿದುಕೊಳ್ಳುವ ರೀತಿಯಲ್ಲಿದೆ. ನನ್ನ ಅಕ್ಕನ ಕಥೆಯ ಗಂಟು ಇರುವುದು ಇಲ್ಲಿಯೇ.

ವೇತನ ಕೊಡುವ ಕಛೇರಿಯು ನೌಕರನ ಇಡೀ ವರ್ಷದ ವರಮಾನವನ್ನು ಅಂದಾಜು ಮಾಡಿ, ಅದಕ್ಕೆ ಬೀಳುವ ತೆರಿಗೆಯನ್ನು ಲೆಕ್ಕ ಹಾಕಿ, ತಿಂಗಳು ತಿಂಗಳು ಅಷ್ಟನ್ನೇ ಮುರಿದುಕೊಳ್ಳಬೇಕು. ತೆರಿಗೆ ಸೊನ್ನೆಯಾದರೆ ಮುರಿಯುವುದೂ ಸೊನ್ನೆ. ಆದರೆ ವೃತ್ತಿಯ ಶುಲ್ಕವೆಂದು ೧೯೪-ಜೆ ಕಲಮಿನ ಕೆಳಗೆ ಕೊಡುವಾಗ ಈ ಅಂದಾಜು ಇಲ್ಲ. ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಕೊಡುವ ಮೊತ್ತ ಒಂದು ಮಿತಿಯನ್ನು ಮೀರಿದರೆ ಸಾಕು, ಪಡೆಯುವವನು ಬಡವನೋ ಬಲ್ಲಿದನೋ ನೋಡದೆ, ಶೇಕಡ ೧೦ ಮುರಿಯಬೇಕು. ಆ ಮಿತಿ ೨೦೨೫ರ ಮಾರ್ಚ್ ತನಕ ೩೦,೦೦೦ ರೂಪಾಯಿ ಇತ್ತು. ಏಪ್ರಿಲ್ ೧ರಿಂದ ೫೦,೦೦೦ ಆಯಿತು. ಪ್ಯಾನ್ ಸಂಖ್ಯೆ ಕೊಡದವನಿಗೆ ಶೇಕಡ ೨೦ ಹೋಗುತ್ತದೆ. ನಮ್ಮ ಗುಮಾಸ್ತರು ವಿದ್ವಾಂಸರ ಪ್ಯಾನ್ ಸಂಖ್ಯೆಯನ್ನು ಕೇಳಿಸಿದ್ದು ಅವಮಾನಕ್ಕಲ್ಲ, ಅವರ ಹಿತಕ್ಕೆ ಎಂದು ನನಗೆ ಆಗ ತಿಳಿಯಿತು.

ನನ್ನ ಅಕ್ಕನನ್ನು ಯಾವ ಬಾಗಿಲಲ್ಲಿ ನಿಲ್ಲಿಸಬೇಕು? ಅವಳ ವೇಳಾಪಟ್ಟಿಯನ್ನು ಕಾಲೇಜು ಹಾಕಿಕೊಡುತ್ತದೆ. ಹಾಜರಿ ಪುಸ್ತಕಕ್ಕೆ ಅವಳು ರುಜು ಹಾಕುತ್ತಾಳೆ. ಪಠ್ಯವೂ ಪರೀಕ್ಷೆಯೂ ಬೇರೆಯವರು ಗೊತ್ತುಮಾಡಿದಂತೆ ನಡೆಯುತ್ತವೆ. ಧ್ರಾಂಗಧ್ರದ ಉಪ್ಪಿನ ಕಾರ್ಖಾನೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೫೬ರಲ್ಲಿ ಹೇಳಿದಂತೆ, ಏನು ಕೆಲಸ ಮಾಡಬೇಕು ಎಂಬುದರ ಮೇಲೆ ಮಾತ್ರವಲ್ಲ, ಹೇಗೆ ಮಾಡಬೇಕು ಎಂಬುದರ ಮೇಲೆಯೂ ಹತೋಟಿ ಇದ್ದರೆ ಅದು ಧಣಿ-ನೌಕರ ಸಂಬಂಧದ ಮುಖ್ಯ ಗುರುತು. ಈ ಒರೆಗಲ್ಲಿಗೆ ಉಜ್ಜಿದರೆ ಅವಳ ಹಣ ವೇತನದಂತೆಯೇ ಹೊಳೆಯುತ್ತದೆ ಎಂದು ನನ್ನ ಬುದ್ಧಿಗೆ ತೋರುತ್ತದೆ. ಎದುರು ವಾದಕ್ಕೂ ಅವಕಾಶವುಂಟು. ಅವಳ ಕಛೇರಿಯವರು ಮಾತ್ರ ಆದೇಶದಲ್ಲಿ ‘ಗೌರವಧನ’ ಎಂದಿದ್ದನ್ನು ನೋಡಿ ಶೇಕಡ ಹತ್ತನ್ನು ಮುರಿದರು. ಹೆಸರಿನಲ್ಲಿ ಗೌರವವಿತ್ತು, ಕೈಗೆ ಬಂದದ್ದು ಕಡಿಮೆಯಾಯಿತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿತೇ?

ಇಲ್ಲಿ ನಾವು ಮನಸ್ಸಿಗೆ ತಂದುಕೊಳ್ಳಬೇಕಾದ ಮುಖ್ಯ ತತ್ತ್ವ ಒಂದೇ: ಮುರಿದುಕೊಂಡ ಹಣ ತೆರಿಗೆಯಲ್ಲ, ತೆರಿಗೆಗೆ ಮುಂಗಡ. ಸಂತೆಗೆ ಹೋಗುವ ಮೊದಲೇ ಅಂಗಡಿಯವನು ನೂರು ರೂಪಾಯಿ ಮುಂಗಡ ಇಟ್ಟುಕೊಂಡ ಹಾಗೆ. ಸಾಮಾನಿನ ಬೆಲೆ ಎಂಬತ್ತಾದರೆ ಇಪ್ಪತ್ತು ಹಿಂದಿರುಗಬೇಕು, ನೂರಿಪ್ಪತ್ತಾದರೆ ನಾವು ಇಪ್ಪತ್ತು ಸೇರಿಸಬೇಕು. ಏನೂ ಕೊಳ್ಳದಿದ್ದರೆ ನೂರಕ್ಕೆ ನೂರೂ ನಮ್ಮದೇ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಕೇಳುವ ಕ್ರಮಕ್ಕೇ ರಿಟರ್ನ್ ಸಲ್ಲಿಸುವುದು ಎಂದು ಹೆಸರು.

ಮೂರು ಲೆಕ್ಕಗಳನ್ನು ನೋಡೋಣ. ಮೂರೂ ಹೊಸ ತೆರಿಗೆ ಪದ್ಧತಿಯವು. ೨೦೨೫-೨೬ರಲ್ಲಿ ಈ ಪದ್ಧತಿಯಂತೆ ಮೊದಲ ೪ ಲಕ್ಷಕ್ಕೆ ತೆರಿಗೆಯಿಲ್ಲ. ೪ರಿಂದ ೮ ಲಕ್ಷದ ವರೆಗಿನ ಭಾಗಕ್ಕೆ ಶೇಕಡ ೫, ೮ರಿಂದ ೧೨ ಲಕ್ಷದ ಭಾಗಕ್ಕೆ ಶೇಕಡ ೧೦, ೧೨ರಿಂದ ೧೬ ಲಕ್ಷದ ಭಾಗಕ್ಕೆ ಶೇಕಡ ೧೫. ಮುಂದೆ ಹೀಗೆಯೇ ಏರುತ್ತ ೨೪ ಲಕ್ಷದ ಮೇಲೆ ಶೇಕಡ ೩೦. ಒಟ್ಟು ವರಮಾನ ೧೨ ಲಕ್ಷವನ್ನು ಮೀರದಿದ್ದರೆ, ಲೆಕ್ಕಕ್ಕೆ ಬಂದ ತೆರಿಗೆಯನ್ನು ರಿಯಾಯಿತಿಯ ರೂಪದಲ್ಲಿ ಪೂರ್ತಿ ಬಿಟ್ಟುಬಿಡುತ್ತಾರೆ.

ಮೊದಲನೆಯವರು ಅತಿಥಿ ಉಪನ್ಯಾಸಕರು. ತಿಂಗಳಿಗೆ ೩೦,೦೦೦ದಂತೆ ಹತ್ತು ತಿಂಗಳಿಗೆ ೩ ಲಕ್ಷ ರೂಪಾಯಿ, ಬೇರೆ ವರಮಾನವಿಲ್ಲ. ಕಛೇರಿ ಮುರಿದುಕೊಂಡದ್ದು ೩೦,೦೦೦. ಬೀಳುವ ತೆರಿಗೆ ಸೊನ್ನೆ. ಅಂದರೆ ಒಂದು ತಿಂಗಳ ದುಡಿಮೆಯಷ್ಟೂ ಹಣ ಅವರಿಗೆ ಹಿಂದಿರುಗಬೇಕು.

ಎರಡನೆಯವರು ಕಾಯಂ ಅಧ್ಯಾಪಕರು. ವೇತನ ೧೧ ಲಕ್ಷ. ಇತರ ಕಡೆ ಉಪನ್ಯಾಸ, ಮೌಲ್ಯಮಾಪನಗಳಿಂದ ಒಟ್ಟು ೪೦,೦೦೦. ವೇತನದಲ್ಲಿ ೭೫,೦೦೦ ಕಳೆದು ೪೦,೦೦೦ ಕೂಡಿದರೆ ೧೦,೬೫,೦೦೦ ಆಗುತ್ತದೆ. ಇದು ೧೨ ಲಕ್ಷದೊಳಗೆ ಇರುವುದರಿಂದ ರಿಯಾಯಿತಿಯ ಫಲವಾಗಿ ತೆರಿಗೆಯಿಲ್ಲ. ಆದರೂ ಆ ನಲವತ್ತು ಸಾವಿರವನ್ನು ಅವರು ತೋರಿಸಲೇಬೇಕು. ತೆರಿಗೆ ಇಲ್ಲದಿರುವುದು ಬೇರೆ, ತೋರಿಸದಿರುವುದು ಬೇರೆ.

ಮೂರನೆಯವರು ಹಿರಿಯ ಅಧ್ಯಾಪಕರು. ವೇತನ ೧೫ ಲಕ್ಷ. ಹೊರಗಿನ ಒಂದು ಸಂಸ್ಥೆಯಿಂದ ಗೌರವಧನ ೬೦,೦೦೦. ಆ ಸಂಸ್ಥೆ ೬,೦೦೦ ಮುರಿದುಕೊಂಡಿತು. ‘ತೆರಿಗೆ ಅಲ್ಲಿಯೇ ಕಟ್ಟಿಯಾಯಿತು’ ಎಂದು ಅವರು ನೆಮ್ಮದಿಯಿಂದ ಇದ್ದಾರೆ. ಆದರೆ ೭೫,೦೦೦ ಕಳೆದ ಮೇಲೂ ಅವರ ವೇತನ ೧೪,೨೫,೦೦೦. ಗೌರವಧನ ಬಂದು ಕೂರುವುದು ಶೇಕಡ ೧೫ರ ಅಂತಸ್ತಿನಲ್ಲಿ. ಅರವತ್ತು ಸಾವಿರಕ್ಕೆ ತೆರಿಗೆ ೯,೦೦೦, ಅದರ ಮೇಲೆ ಶೇಕಡ ೪ರ ಸೆಸ್ಸು ೩೬೦, ಒಟ್ಟು ೯,೩೬೦. ಆರು ಸಾವಿರ ಕಳೆದು ಅವರು ಇನ್ನೂ ೩,೩೬೦ ರೂಪಾಯಿ ಕಟ್ಟಬೇಕು. ಕಟ್ಟದಿದ್ದರೆ ಎಂದಾದರೂ ನೋಟೀಸು ಬಂದೀತು. ಮುರಿದದ್ದು ಒಂದೇ ದರದಲ್ಲಿ. ಆದರೂ ಒಬ್ಬರಿಗೆ ವಾಪಸ್ಸು, ಇನ್ನೊಬ್ಬರಿಗೆ ಬಾಕಿ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ೨೦೨೪-೨೫ರಲ್ಲಿ ಅವಳಿಗೆ ಸಂದದ್ದು ಹತ್ತು ತಿಂಗಳಿಗೆ ೨,೮೦,೦೦೦, ಮುರಿದದ್ದು ೨೮,೦೦೦. ಆ ವರ್ಷ ಹೊಸ ಪದ್ಧತಿಯಲ್ಲಿ ೩ ಲಕ್ಷದ ವರೆಗೆ ತೆರಿಗೆ ಇರಲಿಲ್ಲ. ರಿಟರ್ನಿನ ಮೊದಲ ಗಡುವು ದಾಟಿಹೋಗಿತ್ತು. ಆದರೆ ತಡವಾದ ರಿಟರ್ನನ್ನು ಡಿಸೆಂಬರ್ ೩೧ರ ವರೆಗೆ ಸಲ್ಲಿಸಬಹುದಾಗಿತ್ತು. ತಡಮಾಡಿದ್ದಕ್ಕೆ ಶುಲ್ಕವುಂಟು, ವರಮಾನವೇ ತೆರಿಗೆಯ ಮಿತಿಯ ಕೆಳಗಿದ್ದರೆ ಆ ಶುಲ್ಕವೂ ಇಲ್ಲ.

ನವೆಂಬರಿನ ಒಂದು ಭಾನುವಾರ ಅವಳು ನಮ್ಮ ಊರಿನ ಬಸ್ಸಿನಲ್ಲಿ ಬಂದಿಳಿದಳು. ಇಬ್ಬರೂ ಕೂತು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅವಳ ಪ್ಯಾನ್ ಸಂಖ್ಯೆಯಿಂದ ‘೨೬ ಎಎಸ್’ ಎಂಬ ತಃಖ್ತೆಯನ್ನು ತೆರೆದೆವು. ನಮ್ಮ ಹೆಸರಿನಲ್ಲಿ ಯಾರು ಯಾರು ಎಷ್ಟೆಷ್ಟು ಮುರಿದು ಸರ್ಕಾರಕ್ಕೆ ಕಟ್ಟಿದ್ದಾರೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ನೋಡಿದರೆ ಮೊದಲ ಮೂರು ತ್ರೈಮಾಸಿಕಗಳ ಹಣ ಇತ್ತು, ಕೊನೆಯದು ಇರಲಿಲ್ಲ. “ನೋಡಿದೆಯಾ, ನಾನು ಹೇಳಲಿಲ್ಲವೆ?” ಎಂದಳು ಅಕ್ಕ. ಮರುದಿನ ಅವಳು ತನ್ನ ಕಛೇರಿಯಲ್ಲಿ ವಿಚಾರಿಸಿದಾಗ, ಹಣ ಕಟ್ಟಿದ್ದರೂ ಆ ಮೂರು ತಿಂಗಳ ವಿವರಪಟ್ಟಿಯನ್ನು ಸಲ್ಲಿಸಿರಲಿಲ್ಲವೆಂದು ತಿಳಿಯಿತು. ಗುಮಾಸ್ತರ ಮೇಲೆ ಕೆಲಸದ ಹೊರೆಯೂ ಇತ್ತು ಎನ್ನಿ. ಎರಡು ವಾರದಲ್ಲಿ ಪಟ್ಟಿ ಹೋಯಿತು. ಆಮೇಲೆ ೧೬-ಎ ನಮೂನೆಯ ಪ್ರಮಾಣಪತ್ರವನ್ನೂ ಪಡೆದು ರಿಟರ್ನ್ ಸಲ್ಲಿಸಿದೆವು. ಡಿಸೆಂಬರ್ ಮುಗಿಯುವ ಮುಂಚೆ ೨೮,೦೦೦ ರೂಪಾಯಿ ಅವಳ ಖಾತೆಗೆ ಜಮೆಯಾಯಿತು. ಅಂದು ರಾತ್ರಿ ಅವಳು ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. “ಅಮ್ಮನ ಕಣ್ಣಿನ ಆಪರೇಷನ್ನು ಮುಂದಕ್ಕೆ ಹಾಕಿದ್ದೆವಲ್ಲ, ಇನ್ನು ಮಾಡಿಸಿಬಿಡೋಣ ಕಣೋ” ಎಂದಳು, ಅಷ್ಟೆ.

ಹಿಂದಿನ ಎರಡು ವರ್ಷಗಳ ಹಣ ಅಷ್ಟು ಸುಲಭವಲ್ಲ. ಗಡುವುಗಳೆಲ್ಲ ಮುಗಿದ ಮೇಲೆ ಸಲ್ಲಿಸಬಹುದಾದ ‘ನವೀಕೃತ’ ರಿಟರ್ನ್ ಒಂದುಂಟು. ಆದರೆ ಅದು ತೆರಿಗೆ ಕಟ್ಟುವುದಕ್ಕೇ ಹೊರತು ವಾಪಸ್ಸು ಕೇಳುವುದಕ್ಕಲ್ಲ. ಉಳಿದಿರುವುದು ಒಂದೇ ದಾರಿ: ತಡವಾದದ್ದಕ್ಕೆ ಸಕಾರಣ ತೋರಿಸಿ, ತಡವನ್ನು ಮನ್ನಿಸಬೇಕೆಂದು ೧೧೯ನೆಯ ಕಲಮಿನಂತೆ ಇಲಾಖೆಯ ಕಮಿಷನರಿಗೆ ಅರ್ಜಿ ಕೊಡುವುದು. ೨೦೨೪ರ ಅಕ್ಟೋಬರ್ ೧ರಿಂದ ಬಂದ ನಿಯಮದಂತೆ, ನಿರ್ಧಾರಣಾ ವರ್ಷ ಮುಗಿದು ಐದು ವರ್ಷದ ಒಳಗೆ ಇಂತಹ ಅರ್ಜಿ ಕೊಡಬೇಕು. ಅಕ್ಕ ಅರ್ಜಿ ಕೊಟ್ಟಿದ್ದಾಳೆ, ಉತ್ತರವನ್ನು ಕಾಯುತ್ತಿದ್ದಾಳೆ. ಬಂದರೆ ಸಂತೋಷ, ಬಾರದಿದ್ದರೆ ಅದು ನಮ್ಮ ಅಜ್ಞಾನಕ್ಕೆ ನಾವು ಕಟ್ಟಿದ ತೆರಿಗೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಗೌರವಧನ ಎಂಬ ಶಬ್ದ ನಮ್ಮ ನಾಡಿನಲ್ಲಿ ಅತಿಥಿ ಉಪನ್ಯಾಸಕರಿಗೆ ಮಾತ್ರ ಅಂಟಿಕೊಂಡಿಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ, ಸಹಾಯಕಿಯರಿಗೆ ಕೊಡುವುದೂ ಗೌರವಧನವೇ. ೨೦೨೨ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಗುಜರಾತಿನ ಮೊಕದ್ದಮೆಯೊಂದರಲ್ಲಿ ಆ ಗೌರವಧನವೂ ಕೂಲಿಯೇ ಎಂದು ಹೇಳಿ, ಅವರು ೧೯೭೨ರ ಕಾಯಿದೆಯಂತೆ ಗ್ರಾಚ್ಯುಯಿಟಿಗೆ ಅರ್ಹರೆಂದು ತೀರ್ಮಾನಿಸಿತು. ಇದು ತೆರಿಗೆಯ ಮೊಕದ್ದಮೆಯಲ್ಲ ನಿಜ. ಆದರೆ ನಾನು ಇದುವರೆಗೆ ಹೇಳಿದ ಮಾತಿಗೆ ಅದು ಬಲ ಕೊಡುತ್ತದೆ. ದಿನವೂ ಗಂಟೆ ಹೊಡೆದ ಕೂಡಲೆ ತರಗತಿಗೆ ಹೋಗಿ ದುಡಿಯುವವರ ಸಂಪಾದನೆಗೆ ಎಷ್ಟು ಸವಿಯಾದ ಹೆಸರಿಟ್ಟರೂ ಅದು ದುಡಿಮೆಯ ಹಣವೇ. ಹೆಸರಿಗೆ ಮರುಳಾಗಿ ನಮ್ಮ ಹಕ್ಕನ್ನು ಬಿಡಬಾರದು. ಹೆಸರಿನ ಮರೆಯಲ್ಲಿ ನಮ್ಮ ಹೊಣೆಯನ್ನು ಬಿಡಲೂಬಾರದು.

ಕಡೆಯದಾಗಿ, ನೆನಪಿಡಬೇಕಾದ ಕೆಲವು ವ್ಯವಹಾರದ ಮಾತುಗಳು. ಹಣ ಪಡೆಯುವ ದಿನವೇ ಅದನ್ನು ವೇತನವೆಂದು ಕೊಡುತ್ತಿದ್ದಾರೆಯೋ ಶುಲ್ಕವೆಂದು ಕೊಡುತ್ತಿದ್ದಾರೆಯೋ, ಎಷ್ಟು ಮುರಿದಿದ್ದಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ವೇತನವಾದರೆ ನಮೂನೆ ೧೬, ಶುಲ್ಕವಾದರೆ ನಮೂನೆ ೧೬-ಎ ದೊರೆಯಬೇಕು. ಬ್ಯಾಂಕಿನ ಬಡ್ಡಿಯಲ್ಲಿ ತೆರಿಗೆ ಮುರಿಯದಿರಲೆಂದು ಕೊಡುವ ೧೫-ಜಿ ಘೋಷಣೆ ಈ ಹಣಕ್ಕೆ ಸಲ್ಲುವುದಿಲ್ಲ. ತೆರಿಗೆ ಬೀಳುವುದಿಲ್ಲವೆಂದು ಮೊದಲೇ ಖಚಿತವಾಗಿದ್ದವರು ಕಡಿಮೆ ದರದ ಪ್ರಮಾಣಪತ್ರಕ್ಕಾಗಿ ಇಲಾಖೆಗೆ ಅರ್ಜಿ ಹಾಕಬಹುದು. ಪ್ಯಾನ್ ಸಂಖ್ಯೆಗೆ ಆಧಾರ್ ಜೋಡಣೆಯಾಗಿರಬೇಕು. ಇಲ್ಲದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿ ವಾಪಸ್ಸು ಬರಬೇಕಾದ ಹಣ ನಿಂತುಹೋಗುತ್ತದೆ. ಕಛೇರಿಯವರು ನಮ್ಮಿಂದ ಮುರಿದುಕೊಂಡು ಸರ್ಕಾರಕ್ಕೆ ಕಟ್ಟದೆ ಹೋದರೆ, ಅದೇ ಹಣವನ್ನು ಮತ್ತೆ ನಮ್ಮಿಂದ ಕೇಳುವಂತಿಲ್ಲ ಎಂದು ೨೦೫ನೆಯ ಕಲಮು ಹ���ಳುತ್ತದೆ; ಆದ್ದರಿಂದ ಮುರಿದುದಕ್ಕೆ ಆಧಾರವಾದ ಬಟವಾಡೆಯ ಚೀಟಿಯನ್ನು ಕಳೆದುಕೊಳ್ಳಬಾರದು. ಹೊಸ ಕಾಯಿದೆಯ ವರ್ಷಗಳಿಗೆ ನಮೂನೆಗಳ ಮತ್ತು ಕಲಮುಗಳ ಸಂಖ್ಯೆ ಬೇರೆಯಾದೀತು. ಕೆಲಸದ ರೀತಿ ಇದೇ.

ನಮ್ಮ ತರಗತಿಯ ಎಷ್ಟೋ ಮಂದಿ ಎಂ.ಎ. ಮುಗಿಸಿ ನಾಳೆ ಅತಿಥಿ ಉಪನ್ಯಾಸಕರಾಗಿಯೇ ಜೀವನವನ್ನು ಪ್ರಾರಂಭಿಸುವವರು. ನಮಗೆ ಇಂದು ಪಾಠ ಹೇಳುತ್ತಿರುವವರಲ್ಲಿಯೂ ಅಂತಹವರು ಇದ್ದಾರೆ. ಅವರಲ್ಲಿ ಯಾರಾದರೂ ‘ಹೋಗಲಿ ಬಿಡು’ ಎಂದುಕೊಂಡಿದ್ದರೆ, ದಯವಿಟ್ಟು ಬಿಡಬೇಡಿ. ಪ್ಯಾನ್ ಸಂಖ್ಯೆಯನ್ನೂ ಪಾಸ್ ಪುಸ್ತಕವನ್ನೂ ತೆಗೆದುಕೊಂಡು ಶನಿವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದರೆ, ನನಗೆ ತಿಳಿದಷ್ಟನ್ನು ಕೂತು ನೋಡಿಕೊಡಲು ನಾನು ಸಿದ್ಧನಿದ್ದೇನೆ; ತಿಳಿಯದ್ದಕ್ಕೆ ವಾಣಿಜ್ಯ ವಿಭಾಗದ ಗುರುಗಳು ಇದ್ದೇ ಇದ್ದಾರೆ.

ಇನ್ನು ಆ ಹಿರಿಯ ವಿದ್ವಾಂಸರಿಗೆ ಸಂಘದ ಪರವಾಗಿ ಒಂದು ಕಾಗದ ಬರೆದಿದ್ದೇನೆ. ತಾವು ಕೇಳಿದ ಪ್ರಶ್ನೆಗೆ ಅಂದು ಉತ್ತರ ಕೊಡಲಾಗದ್ದಕ್ಕೆ ಕ್ಷಮೆ ಬೇಡಿ, ಹಾರಕ್ಕೂ ಶಾಲಿಗೂ ತೆರಿಗೆಯಿಲ್ಲವೆಂದೂ, ಲಕೋಟೆಯಲ್ಲಿದ್ದುದನ್ನು ಮಾತ್ರ ಆ ವರ್ಷದ ವರಮಾನದಲ್ಲಿ ‘ಇತರ ಮೂಲ’ವೆಂದು ತೋರಿಸಬೇಕೆಂದೂ, ನಾವು ಕೊಟ್ಟದ್ದು ಮಿತಿಯೊಳಗೆ ಇದ್ದುದರಿಂದ ಅದರಲ್ಲಿ ಏನನ್ನೂ ಮುರಿದಿಲ್ಲವೆಂದೂ ತಿಳಿಸಿದ್ದೇನೆ.